ಹುಬ್ಬಳ್ಳಿಯ ಸರ್ಟಿಫಿಕೇಟು, ಬೆಳಗಾವಿಯ ಸರ್ಟಿಫಿಕೇಟು

ಬೈಲಹೊಂಗಲಕ್ಕೆ ಜಿಮ್ಮು ಬಂದು ಇನ್ನೂ ವರ್ಷ ತುಂಬಿರಲಿಲ್ಲ. 2007ನೇ ಇಸವಿ. ಮಾಲೀಕ ವೀರಪ್ಪ ಕಾಳಿನ ಅಡತಿ ಅಂಗಡಿ ಬಿಟ್ಟು ಈ ಧಂದೆಗೆ ಇಳಿದ ಮನುಷ್ಯ. ಅವನು ವ್ಯಾಯಾಮ ಮಾಡಿದ್ದನ್ನು ಯಾರೂ ಕಂಡಿಲ್ಲ. ಗೋಡೆಗೆ ಕನ್ನಡಿ ಹಚ್ಚಿದ ಹಾಗೆ ವ್ಯಾಯಾಮ ಕಲಿಸುವವರ ಒಂದು ಸರ್ಟಿಫಿಕೇಟನ್ನೂ ಹಚ್ಚಬೇಕೆಂದು ಅವನಿಗೆ ಹಟ ಹಿಡಿದಿತ್ತು. ದಸರೆಯೊಳಗೆ ಅದು ಬಂದರೆ ಹೆಂಗಸರ ಬ್ಯಾಚಿಗೆ ಕಲಿಸುತ್ತಿದ್ದ ಶೈಲಜಾಳಿಗೆ ಕೆಲಸ ಕಾಯಂ. ಬರದಿದ್ದರೆ ಬೇರೆಯವರು.

ಶೈಲಜಾ ಸಂಪಗಾಂವದ ಮಡಿವಾಳೆಪ್ಪ ಪೈಲವಾನರ ಮಗಳು. ಗರಡಿಮನೆಗೆ ಹೆಣ್ಣುಮಕ್ಕಳಿಗೆ ಪ್ರವೇಶವಿಲ್ಲವೆಂದು ಅಪ್ಪ ಹಿತ್ತಲಿನಲ್ಲಿಯೇ ಅವಳಿಂದ ಕುಳಿತೇಳುವ ಬೈಠಕ್ಕು ಹೊಡೆಸಿದ್ದರು. ತನಗೆ ನೆಟ್ಟಗೆ ಬರುವುದು ಇದೊಂದೇ ಎಂದು ಅವಳಿಗೆ ಗೊತ್ತಿತ್ತು, ಅದೂ ಕೈತಪ್ಪಿ ಹೋದೀತೆಂಬ ಭಯ ಹಗಲೆಲ್ಲ ಕಾಡುತ್ತಿತ್ತು.

ದಾರಿಗಳು ಎರಡೇ. ಹುಬ್ಬಳ್ಳಿಯ ಸಂಸ್ಥೆಯಲ್ಲಿ ಶನಿವಾರ, ರವಿವಾರ ಹೋಗಿ ಕುಳಿತು ಎದ್ದರೆ ಸಾಕು, ಬಂಗಾರದ ಅಂಚಿನ ಸರ್ಟಿಫಿಕೇಟು. ಬೆಳಗಾವಿಯದು ಆರು ತಿಂಗಳಿನದು. ಎಲುಬು, ಸ್ನಾಯು, ರೋಗ, ಪ್ರಥಮ ಚಿಕಿತ್ಸೆ, ಎಲ್ಲದರ ಪಾಠ; ಮೇಲೆ ಪರೀಕ್ಷೆ, ಅದೂ ಇಂಗ್ಲಿಷಿನಲ್ಲಿ. ಪಿಯುಸಿಯಲ್ಲಿ ಇಂಗ್ಲಿಷಿಗೇ ಡುಮ್ಕಿ ಹೊಡೆದ ಹುಡುಗಿ ಬೆಳಗಾವಿಯ ಹೆಸರು ಕೇಳಿದರೇ ಬೆವರುತ್ತಿದ್ದಳು. ಹುಬ್ಬಳ್ಳಿಗೇ ಹೋಗುವುದೆಂದು ನಿಶ್ಚಯಿಸಿ, ಬಸ್ಸಿನ ಸಮಯವನ್ನೂ ಕೇಳಿಕೊಂಡು ಬಂದಿದ್ದಳು.

ಅಷ್ಟರಲ್ಲಿ ಇಂದಿರಾಬಾಯಿ ಬಿದ್ದರು.

ಇಂದಿರಾಬಾಯಿ ನಿವೃತ್ತ ಶಿಕ್ಷಕಿ. ಅರ್ಧ ಊರಿಗೆ ಮಗ್ಗಿ ಕಲಿಸಿದವರು, ಊರೆಲ್ಲ ಅಕ್ಕಾರ ಎಂದೇ ಕರೆಯುತ್ತಿತ್ತು. ಮೊಣಕಾಲು ಹಿಡಿದುಕೊಳ್ಳುತ್ತವೆಂದು ಮುಂಜಾನೆಯ ಬ್ಯಾಚಿಗೆ ಸೇರಿದ್ದರು. ಶೈಲಜಾಳ ಮೊದಲನೆಯ ಕಟ್ಟಳೆ, ಅಪ್ಪನಿಂದ ಬಂದದ್ದು: ಬರುವಾಗ ಖಾಲಿ ಹೊಟ್ಟೆಯಲ್ಲಿ ಬರಬೇಕು. ಹದಿನೆಂಟರ ಪೈಲವಾನ ಹುಡುಗರಿಗೆ ಸರಿಹೋಗುವ ಆ ಕಟ್ಟಳೆಯನ್ನು ಅವಳು ಎಲ್ಲರಿಗೂ ಹೇಳಿದ್ದಳು. ವಿದ್ಯಾರ್ಥಿಯಾದ ಮೇಲೆ ಗುರುವಿನ ಮಾತು ಮೀರಬಾರದೆಂಬ ನಿಷ್ಠೆ ಇಂದಿರಾಬಾಯಿಯವರದು. ಹಿಂದಿನ ದಿನ ಏಕಾದಶಿ, ನೀರೂ ಮುಟ್ಟಿರಲಿಲ್ಲ. ಮರುದಿನ ಬೆಳಗಿನಲ್ಲಿಯೇ ಪಾರಣೆ ಮಾಡಿ ಉಪವಾಸ ಬಿಡಬೇಕಾದವರು, ಅದನ್ನು ವ್ಯಾಯಾಮವಾದ ಮೇಲೆ ಮಾಡಿದರಾಯಿತೆಂದು, ತೀರ್ಥದ ಜೊತೆಗೆ ಸಕ್ಕರೆ ಕಾಯಿಲೆಯ ಗುಳಿಗೆಯನ್ನಷ್ಟೇ ನುಂಗಿ ಬಂದಿದ್ದರು. ಬಗ್ಗಿ ಏಳುವಾಗ ಮೈಯೆಲ್ಲ ಬೆವರಿ, ನಾಲಿಗೆ ತೊದಲಿ, ಹಾಗೆಯೇ ಕುಸಿದರು.

ಎದುರಿನ ದವಾಖಾನೆಯ ಡಾಕ್ಟರು ಗ್ಲುಕೋಸು ಹಚ್ಚಿದರು. "ಇನ್ನಷ್ಟು ತಡಾ ಆಗಿದ್ರ ಕೈ ಮೀರತಿತ್ತು" ಎಂದರು.

ವೀರಪ್ಪನಿಗೆ ಬೇರೆಯದೇ ಚಿಂತೆ. "ಅಕ್ಕಾರು ಉಪಾಸ ಇದ್ರು, ಬಿದ್ರು. ಅಷ್ಟ ಹೇಳು ಮಂದಿಗೆ. ನೀ ಈ ಶನಿವಾರ ಹುಬ್ಬಳ್ಳಿಗೆ ಹೋಗಿ ಆ ಕಾಗದಾ ತಂದುಬಿಡು. ಗ್ವಾಡಿಗೆ ಹಚ್ಚಿದ್ರ ಯಾರೂ ಕೇಳೂದಿಲ್ಲ."

ಅವಳು ಹುಬ್ಬಳ್ಳಿಗೆ ಫೋನು ಮಾಡಿದಳು. ಆ ಕಡೆಯ ಗಂಡಸು ಬಲು ಖುಷಿಯಲ್ಲಿದ್ದ.

"ಸರ, ಸಕ್ರಿ ಕಾಯಿಲಿ ಇದ್ದವ್ರಿಗೆ ಹೆಂಗ ಮಾಡಸಬೇಕು ಅನ್ನೂದನ್ನ ಹೇಳಿಕೊಡತೀರೇನ್ರಿ?"

"ಮೇಡಮ್, ಎರಡ ದಿನದಾಗ ಏನೇನ್ ಹೇಳೂದ್ರಿ? ಆದ್ರ ಸರ್ಟಿಫಿಕೇಟಿನ್ಯಾಗ ಎಲ್ಲಾ ಬರದಿರತೇವಿ. ಅದರ ಚಿಂತಿ ಮಾಡಬ್ಯಾಡ್ರಿ."

ಚಿಂತೆ ಮಾಡಬೇಡ ಎಂದವರ ಮಾತಿನಿಂದಲೇ ಚಿಂತೆ ಹೆಚ್ಚುವುದುಂಟು. ಆದರೂ ಅವಳು ಬೇಡವೆನ್ನಲಿಲ್ಲ. ನಿಜ ಹೇಳಬೇಕೆಂದರೆ, ಮರುದಿನ ಇಂದಿರಾಬಾಯಿಯವರ ಮನೆಗೆ ಹೊರಟಾಗ ಅವಳ ಮನಸ್ಸಿನಲ್ಲಿದ್ದದ್ದು ಅವರ ಆರೋಗ್ಯಕ್ಕಿಂತ ಹೆಚ್ಚಾಗಿ ಅವರ ಬಾಯಿ. ಅವರು ನಾಲ್ಕು ಮನೆಯಲ್ಲಿ ಒಂದು ಮಾತು ಆಡಿದರೆ ಸಾಕು, ಬ್ಯಾಚು ಖಾಲಿಯಾಗುತ್ತಿತ್ತು.

ಇಂದಿರಾಬಾಯಿ ಪಡಸಾಲೆಯಲ್ಲಿ ಹೂಬತ್ತಿ ಹೊಸೆಯುತ್ತ ಕುಳಿತಿದ್ದರು. ಅವಳನ್ನು ಕಂಡು ಮುಖ ಅರಳಿತು.

"ಬಾ ಶೈಲಾ, ಕೂಡು. ಎಲ್ಲಾರಿಗೂ ಹೇಳೇನಿ ನಾನು, ಹುಡುಗೀದು ಏನೂ ತಪ್ಪಿಲ್ಲ, ನಂದೇ ಏಕಾದಶಿ ಅಂತ. ಭಾಳ ಚಂದ ಕಲಸತಾಳ, ಸುಮ್ಮನ ಅಕೀ ಹೆಸರು ಕೆಡಸಬ್ಯಾಡ್ರಿ ಅಂದೇನಿ."

ಬೇಕಾದದ್ದು ಕೇಳದೆಯೇ ಸಿಕ್ಕಿತ್ತು. ಎದ್ದು ಬಂದಿದ್ದರೆ ಮುಗಿದೇಹೋಗುತ್ತಿತ್ತು. ಆದರೆ ಆ ಹೊಗಳಿಕೆ ಎದೆಗೆ ಚುಚ್ಚಿತು. ಏನಾದರೂ ಮಾತಾಡಬೇಕೆಂದು ಅವಳು ಕೇಳಿದಳು, "ಅಕ್ಕಾರ, ಈಗ ಗುಳಿಗಿ ಏನೇನು ತೊಗೋತೀರಿ?"

"ಸಕ್ರಿದು ಒಂದು. ಬೀಪೀದು ಒಂದು. ಮತ್ತ ಹೋದ ವರ್ಷ ಎದಿನೋವು ಬಂದಿತ್ತಲ್ಲ, ಆವಾಗಿಂದ ನಾಲಿಗಿ ಕೆಳಗ ಇಟಗೊಳ್ಳೂದೊಂದು ಅದ."

ಇಂಥ ಎದೆ ಇದ್ದವರಿಂದ ಶೈಲಜಾ ಇಷ್ಟು ದಿನ ಇನ್ನೊಂದು ಸಲ, ಇನ್ನೊಂದು ಸಲ ಎಂದು ಬೈಠಕ್ಕು ಹೊಡೆಸಿದ್ದಳು.

"ಎದಿನೋವು ಇದ್ದದ್ದು ನನಗ್ಯಾಕ ಹೇಳಲಿಲ್ರಿ ಅಕ್ಕಾರ?"

ಇಂದಿರಾಬಾಯಿ ಬತ್ತಿಯಿಂದ ತಲೆಯೆತ್ತಿದರು. ದನಿಯಲ್ಲಿ ಸಿಟ್ಟೇನೂ ಇರಲಿಲ್ಲ.

"ನೀ ಎಲ್ಲೆ ಕೇಳಿದ್ಯವ್ವ?"

ಅವಳು ಚಹಾ ಕುಡಿಯದೆ ಎದ್ದಳು. ನೇರ ಜಿಮ್ಮಿಗೆ ಹೋಗಿ, ಬೆಳಗಾವಿಯ ಕೋರ್ಸಿಗೆ ಹೆಸರು ಹಚ್ಚುತ್ತೇನೆಂದು ವೀರಪ್ಪನಿಗೆ ಹೇಳಿದಳು. ಅವನು ಅವಳಿಗೆ ತಲೆಗಿಲೆ ಕೆಟ್ಟಿದೆಯೋ ಎಂಬಂತೆ ನೋಡಿದ.

"ದಸರಾಕ್ಕ ನನಗ ಸರ್ಟಿಫಿಕೇಟ್ ಬೇಕು. ಆರು ತಿಂಗಳು ಈ ಕೆಲಸ ನಿನ್ನ ಹಾದಿ ಕಾಯೂದಿಲ್ಲ ನೋಡು."

"ಗೊತ್ತೈತ್ರಿ."

"ಮತ್ತ ಪರೀಕ್ಷಾದಾಗ ನಪಾಸಾದ್ರ?"

"ಅದೂ ಗೊತ್ತೈತ್ರಿ" ಎಂದಳು. ದಸರೆಯವರೆಗೆ ಬ್ಯಾಚು ಅವಳೇ ನಡೆಸಲಿ ಎಂದು ವೀರಪ್ಪ ಒಪ್ಪಿದ, ಬೇರೆ ಯಾರೂ ಸಿಕ್ಕಿರಲಿಲ್ಲವೆಂದು.

ಮರುದಿನ ಮುಂಜಾನೆ ಅವಳು ಯಾರಿಗೂ ವ್ಯಾಯಾಮ ಮಾಡಿಸಲಿಲ್ಲ. ಜಮಖಾನೆಯ ಮೇಲೆ ಎಲ್ಲರನ್ನೂ ಕೂಡಿಸಿ, ಒಬ್ಬೊಬ್ಬರನ್ನೇ ಹತ್ತಿರ ಕರೆದು ಕೇಳಿದಳು: ಏನು ಉಂಡು ಬಂದಿರಿ, ಯಾವ ಗುಳಿಗೆ, ಎಂದಾದರೂ ಎದೆ ನೋವು ಬಂದಿತ್ತೇ, ಆಪರೇಷನ್ ಆಗಿದೆಯೇ. ರಾಯವ್ವನಿಗೆ ಗರ್ಭಕೋಶ ತೆಗೆದು ಇನ್ನೂ ನಾಲ್ಕು ತಿಂಗಳಾಗಿರಲಿಲ್ಲ. ಸದಾ ನಗುವ ಕೆಂಚವ್ವನಿಗೆ ಮೂರ್ಛೆ ಬರುತ್ತಿತ್ತು. ಒಬ್ಬರೂ ಏನನ್ನೂ ಮುಚ್ಚಿಡಲಿಲ್ಲ, ಕೇಳಿದ್ದಕ್ಕೆಲ್ಲ ಸಂತೋಷದಿಂದ ಹೇಳಿದರು.