ಅಡ್ಡ ಇಟ್ಟ ಕಾರ್ಡುಗಳು

'ಸೆಟ್' ಎಂಬ ಒಂದು ಇಂಗ್ಲಿಷ್ ಪದ ಕಾರ್ಡಮ್ಮನ ಒಂಬತ್ತು ವರ್ಷ ನುಂಗಿತ್ತು. ನಿಘಂಟು ಕಚೇರಿಯಲ್ಲಿ ಅವಳಿಗೆ ಆ ಅಡ್ಡಹೆಸರೇ ಉಳಿದುಹೋಗಿತ್ತು. ಸೂರ್ಯ ಮುಳುಗುವುದಕ್ಕೂ ಅದೇ ಪದ, ಸಿಮೆಂಟು ಗಟ್ಟಿಯಾಗುವುದಕ್ಕೂ ಅದೇ. ಮುರಿದ ಮೂಳೆ ಕೂಡಿಸಲು, ಬಲೆ ಒಡ್ಡಲು, ಕೋಳಿಯನ್ನು ಕಾವಿಗೆ ಕೂರಿಸಲು, ಎಲ್ಲಕ್ಕೂ ಅದೇ. ಅರ್ಥಕ್ಕೊಂದರಂತೆ ನಾನೂರ ಹನ್ನೆರಡು ಕಾರ್ಡು. "ನಮ್ಮತ್ತೆನೂ ನನ್ನ ಇಷ್ಟು ಕಾಡಿಸ್ಲಿಲ್ಲ" ಎಂದು ನಗುತ್ತಿದ್ದಳು.

ಮೂಲ ಪುಸ್ತಕದೊಂದಿಗೆ ತಾಳೆ ನೋಡಿದ ಕಾರ್ಡು ನೆಟ್ಟಗೆ, ನೋಡದ್ದು ಅಡ್ಡಡ್ಡ. ಕಚೇರಿಯ ಪದ್ಧತಿಯೇ ಅದು, ಬೇರೆ ಗುರುತಿಲ್ಲ. ಇನ್ನು ಅರವತ್ತು ಅಡ್ಡ ಉಳಿದಿದ್ದವು. ದಿನಕ್ಕೆ ಆರು ನೋಡಿದರೂ ಅಚ್ಚಿಗೆ ಹೋಗುವ ಹೊತ್ತಿಗೆ ಮುಗಿಯುತ್ತಿತ್ತು. ಈ ಸಂಪುಟ ಬಂದಮೇಲೆ ಕಚೇರಿಗೇ ಬೀಗ. ಆಮೇಲೆ ತಿದ್ದುವವರು ಯಾರೂ ಇಲ್ಲ.

ಸೋಮವಾರ ಬೆಳಿಗ್ಗೆ ಡ್ರಾಯರ್ ಎಳೆದಳು. ಅಷ್ಟೂ ಕಾರ್ಡು ನೆಟ್ಟಗೆ ನಿಂತಿದ್ದವು.

"ನಾನೇ ಅಮ್ಮಾ, ಜೋಡಿಸಿದ್ದು" ಎಂದ ಅಟೆಂಡರ್. ನಿವೃತ್ತಿಗೆ ಹತ್ತಿರವಾಗಿದ್ದವನು, ಬೇರೆ ವಿಭಾಗದಿಂದ ಹೋದ ವಾರವಷ್ಟೇ ಬಂದಿದ್ದ. "ಡ್ರಾಯರ್ ಎಳಿಯೋಕೆ ದಿನಾ ಒದ್ದಾಡ್ತಿದ್ರಲ್ಲ. ನಿನ್ನೆ ಭಾನುವಾರ ಬಂದು ಒಂದೊಂದೇ ಒರೆಸಿ ನಿಲ್ಲಿಸ್ದೆ. ಈಗ ನೋಡಿ, ಬೆಣ್ಣೆಯಿಂದ ಕೂದಲು ತೆಗೆದ ಹಾಗೆ!"

ನೋಡದ ಅರವತ್ತು ಯಾವುವೆಂದು ಹುಡುಕುತ್ತಾ ಅವಳು ನಾಲ್ಕಾರು ಕಾರ್ಡು ತಿರುವಿದಳು; ಎಲ್ಲವೂ ಒಂದೇ ಥರ.

"ಊಟ ಮಾಡಿದ್ರಾ ನಿನ್ನೆ?" ಎಂದಷ್ಟೇ ಕೇಳಿದಳು.

"ಮರೆತೇಹೋಯ್ತು ಬಿಡಿ."

"ಚೆನ್ನಾಗಿ ಜೋಡಿಸಿದೀರ."

ಅವಳು ಹೋಗಿ ವಿಷಯ ಹೇಳಿದಾಗ ನಿಘಂಟಿನ ಸಂಪಾದಕರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಯಾರಮ್ಮಾ ಮಾಡಿದ್ದು ಇದನ್ನ?"

"ನಾನೇ ಸರ್. ವಯಸ್ಸಾಯ್ತು, ಮರೆವು."

"ಪೂರ್ತಿ ಮತ್ತೆ ನೋಡೋಕೆ ಎಷ್ಟು ದಿನ ಬೇಕು?"

"ಎರಡು ತಿಂಗಳ ಮೇಲೇ ಬೇಕು."

"ಪ್ರೆಸ್ಸಿನವರು ಹೆಚ್ಚಿಗೆ ಎರಡು ದಿನಾನೂ ಕೊಡಲ್ಲ. ತಪ್ಪು ಅಚ್ಚಾಗೋದು ಬೇಡ. ಎಲ್ಲರಿಗೂ ಗೊತ್ತಿರೋ ಆರು ಅರ್ಥ ಬರೆದುಕೊಡಿ, ಸಾಕು."

"ಕೋಳಿ, ಸರ್?"

ಅವರು ಕಿಟಕಿಯ ಕಡೆ ನೋಡಿದರು. "ಕೋಳಿ ಬೇಡಮ್ಮ."

ಆರು ಅರ್ಥ ಬರೆಯಲು ಅರ್ಧ ಗಂಟೆಯೂ ಹಿಡಿಯಲಿಲ್ಲ. ಮುಂದೆ ಶಾಲೆಯ ಮಕ್ಕಳು, ಅನುವಾದಕರು, ವಕೀಲರು ಆ ಪುಟ ತೆರೆದರೆ ಸಿಗುವುದು ಇನ್ನು ಆ ಆರೇ ಸಾಲು.

"ಉಳಿದದ್ದು ಎಲ್ಲಿಡ್ಲಿ ಅಮ್ಮಾ?" ಅಟೆಂಡರ್ ಹುರಿ ಹಿಡಿದು ನಿಂತಿದ್ದ.

"ರದ್ದಿಗೆ ಹಾಕಿ."

ಅವನು ಕಟ್ಟು ಕಟ್ಟಿ ಗಂಟು ಬಿಗಿದ. ಕಾರ್ಡಿನ ಮೂಲೆ ಮಡಚಿಕೊಂಡದ್ದು ಕಂಡು ಬಿಚ್ಚಿ, ನಿಧಾನವಾಗಿ ಸಡಿಲು ಮಾಡಿ ಮತ್ತೆ ಕಟ್ಟತೊಡಗಿದ.