ಅಕ್ಕನ ಪಾಲಿಗೆ ಬಂದ ಪರದೆ

"ಇದರಲ್ಲಿ ಏನೂ ಇಲ್ಲಮ್ಮ," ಅಂದ ರಿಪೇರಿಯವನು.

ಟೈಲರಮ್ಮನಿಗೆ ಮೊದಲು ನಗು ಬಂತು. ಬೀದಿಯವರೆಲ್ಲ ಅವಳನ್ನು ಕರೆಯುತ್ತಿದ್ದದ್ದು ಟೈಲರಮ್ಮ ಅಂತಲೇ. ಕಂಪ್ಯೂಟರನ್ನು ಬಸ್ಸಿನಲ್ಲಿ ಮಡಿಲ ಮೇಲೇ ಇಟ್ಟುಕೊಂಡು, ಹಳ್ಳ ಬಂದಾಗಲೆಲ್ಲ ಎರಡೂ ಕೈಯಿಂದ ತಬ್ಬಿ ಹಿಡಿದು ತಂದಿದ್ದಳು.

"ಸರಿಯಾಗಿ ನೋಡಪ್ಪ. ನಮ್ಮಪ್ಪ ಬರೆದದ್ದೆಲ್ಲ ಇದರಲ್ಲೇ ಇದೆ. ಅಕ್ಷರ ಒಂದೊಂದೇ ಮೂಡೋದನ್ನ ನಾನೇ ಕಣ್ಣಾರೆ ಕಂಡಿದ್ದೀನಿ."

"ಮೂಡೋದು ಇಲ್ಲೇ. ಉಳಿಯೋದು ಇಲ್ಲಲ್ಲ." ಅವನು ವಯರು ಸಿಕ್ಕಿಸಿದ. ಮೂಲೆಯಲ್ಲೊಂದು ಸಣ್ಣ ದೀಪ ಹತ್ತಿತು. ಪರದೆ ಕಪ್ಪಾಗಿಯೇ ಇತ್ತು. "ಇದು ಬರೀ ಮಾನಿಟರ್. ಕನ್ನಡಿ ಇದ್ದ ಹಾಗೆ. ಮುಂದೆ ನಿಂತವರು ಹೋದ್ಮೇಲೆ ಕನ್ನಡೀಲಿ ಏನಿರುತ್ತೆ ಹೇಳಿ? ಜೊತೆಗೊಂದು ತಗಡಿನ ಡಬ್ಬ ಇತ್ತಲ್ಲ, ಅದೆಲ್ಲಿ?"

ಟೈಲರಮ್ಮ ಸ್ಟೂಲಿನ ಮೇಲೆ ಕೂತುಬಿಟ್ಟಳು.

ಅಪ್ಪ ಹೋಗಿ ಆರು ವರ್ಷ. ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದವರು, ಕಡೆಗಾಲದಲ್ಲಿ ಒಂದೇ ಬೆರಳಲ್ಲಿ ಕುಟ್ಟಿ ಕುಟ್ಟಿ ತಮ್ಮ ಬದುಕನ್ನು ಬರೆದಿಟ್ಟಿದ್ದರು. ಯಾರಿಗೂ ಓದಲು ಕೊಟ್ಟಿರಲಿಲ್ಲ. ಅಕ್ಕ ತಂಗಿ ಸಾಮಾನು ಹಂಚಿಕೊಳ್ಳುವಾಗ ಬೀರು, ಮಂಚ ಯಾವುದಕ್ಕೂ ತಕರಾರು ಬರಲಿಲ್ಲ, ಬಂದದ್ದು ಇದಕ್ಕೆ. "ನಾನು ದೊಡ್ಡವಳು" ಅಂತ ಇವಳು ಪರದೆ ಎತ್ತಿಕೊಂಡಳು. ಅಳುತ್ತಾ ನಿಂತ ತಂಗಿಗೆ, "ಆ ಡಬ್ಬ ನೀನಿಟ್ಟುಕೋ, ಕೂತಾಗ ಕಾಲಿಡೋಕಾಗುತ್ತೆ" ಅಂದಿದ್ದಳು. ಅಲ್ಲಿಗೆ ಇಬ್ಬರ ನಡುವೆ ಮಾತು ನಿಂತಿತ್ತು.

ಹೋದ ತಿಂಗಳು ಕೈ ನಡುಕ ಹೆಚ್ಚಾಗಿ ಹೊಲಿಗೆಯೂ ನಿಂತಿತು. ಮಿಷಿನ್ನಿನ ಸದ್ದಿಲ್ಲದ ಮನೆಯಲ್ಲಿ ಗೋಡೆ ನೋಡುತ್ತಾ ಕೂರುವ ಬದಲು ಅಪ್ಪನ ಮಾತನ್ನಾದರೂ ಓದೋಣ ಅಂತ ಹೊರಟುಬಂದಿದ್ದಳು.

"ತಂಗಿ ಹತ್ರ ಇದೆ. ಕರೆಂಟಿನ ಡಬ್ಬ ಅಂದ್ಕೊಂಡಿದ್ದೆ."

"ತುಂಬಾ ಜನ ಹಾಗೇ ಅಂದ್ಕೋತಾರೆ. ಅದರೊಳಗೆ ರ‍್ಯಾಮ್ ಅಂತ ಒಂದಿರುತ್ತೆ, ಕರೆಂಟ್ ಹೋದ ತಕ್ಷಣ ಎಲ್ಲ ಮರೆಯುತ್ತೆ. ಹಾರ್ಡ್ ಡಿಸ್ಕ್ ಅಂತ ಇನ್ನೊಂದು, ಅದು ಇಟ್ಟದ್ದನ್ನ ಇಟ್ಟ ಹಾಗೇ ಕಾಯುತ್ತೆ."

"ಆರು ವರ್ಷ ಕರೆಂಟೇ ಇಲ್ಲದಿದ್ರೂ?"

"ನೀರು ಬೀಳದಿದ್ರೆ, ಗುಜರಿಗೆ ಹೋಗದಿದ್ರೆ ಇರುತ್ತೆ. ಫೋನ್ ಮಾಡಿ ಕೇಳಿ."

ನಂಬರು ಬಾಯಿಪಾಠ. ಆರು ವರ್ಷದಲ್ಲಿ ಒಮ್ಮೆಯೂ ಒತ್ತಿರಲಿಲ್ಲ.

"ಯಾರು?"

"ನಾನು."

ಆ ಕಡೆ ನಲ್ಲಿ ನೀರು ಸುರಿಯುತ್ತಿತ್ತು. ನಲ್ಲಿ ನಿಂತಿತು.

"ಏನು ಬೇಕಿತ್ತು?"

"ಆ ಡಬ್ಬ ಇದೆಯೇನೇ?"

"ಇದೆ. ಕಾಲಿಟ್ಟಿಲ್ಲ."

ಟೈಲರಮ್ಮ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿಕೊಂಡಳು. ಸುಮ್ಮನೆ ಬೇಕು ಅಂದರೆ ಕೊಟ್ಟೇಬಿಡುತ್ತಾಳೆ. ಅದರಲ್ಲೇನಿದೆ ಅಂತ ಅವಳಿಗೆಲ್ಲಿ ಗೊತ್ತು? ರಿಪೇರಿಯವನು ತಲೆ ತಗ್ಗಿಸಿ ಬೇರೇನೋ ಬಿಚ್ಚುತ್ತಿದ್ದ.

"ಅಪ್ಪ ಬರೆದದ್ದೆಲ್ಲ ಅದರೊಳಗೇ ಇದೆಯಂತೆ ಕಣೇ," ಅಂದಳು. "ನಾನು ಕಿತ್ಕೊಂಡು ಹೋದದ್ರಲ್ಲಿ ಏನೂ ಇಲ್ಲ."

ಆ ಕಡೆ ಫೋನನ್ನು ಎಲ್ಲೋ ಇಟ್ಟ ಸಪ್ಪಳ. ದೂರದಲ್ಲಿ ಭಾರದ ತಗಡಿನ ಡಬ್ಬವೊಂದು ನೆಲಕ್ಕೆ ಉಜ್ಜುತ್ತಾ ಸರಿಯಿತು, ನಿಂತಿತು, ಮತ್ತೆ ಸರಿಯಿತು.

"ಒಬ್ಬಳೇ ಎತ್ತಬೇಡ ಕಣೇ," ಅಂದಳು ಟೈಲರಮ್ಮ. ಆ ಕಡೆ ಫೋನಿನ ಹತ್ತಿರ ಯಾರೂ ಇರಲಿಲ್ಲ.