ಬೈರಾಸು ತೆಗೆದು ಕೇಳಿ

"ಐತಪ್ಪಣ್ಣ, ಚೆಂಡೆ ಎಷ್ಟು ಬೇಕಾದ್ರೂ ಜೋರಿರಲಿ, ನಿಮ್ಮ ಮದ್ದಳೆ ನಿಮ್ಮ ಕಿವಿಗೆ ಕೇಳುವ ಹಾಗೆ ನಾನು ಮಾಡಿಕೊಡ್ತೇನೆ. ಇದು ನನ್ನ ಮಾತು."

ಹದಿನೇಳು ವರ್ಷದ ಹಿಂದೆ, ಪುತ್ತೂರಿನ ಹತ್ತಿರದ ಒಂದು ಶಾಲೆಯ ಸಭಾಂಗಣದಲ್ಲಿ, ಯಕ್ಷಗಾನ ತಾಳಮದ್ದಳೆ ಮುಗಿದು ಎಲ್ಲರೂ ಊಟಕ್ಕೆ ಎದ್ದಿದ್ದಾಗ ಮೈಕ್ ಸೆಟ್ಟಿನ ಮೋನಪ್ಪ ಈ ಮಾತು ಕೊಟ್ಟ. ಕೊಟ್ಟದ್ದು ಮದ್ದಳೆಗಾರ ಐತಪ್ಪ ಮಣಿಯಾಣಿಯವರಿಗೆ. ಅವರು ಮೂವತ್ತೆಂಟು ವರ್ಷ ಭಾಗವತರ ಪಕ್ಕದಲ್ಲಿ ಕೂತು ಬಾರಿಸಿದವರು. ಅವರ ಕಿವಿಯಿಂದ ಮೂರಡಿ ದೂರದಲ್ಲಿ ಯಾವಾಗಲೂ ಒಂದು ಚೆಂಡೆ. ಚೆಂಡೆ ಏರಿತೆಂದರೆ ಮದ್ದಳೆಯ ಮೇಲೆ ಕೈ ಓಡುವುದು ಕಾಣುತ್ತದೆ, ಕೇಳುವುದಿಲ್ಲ. ಕೂತ ಜನಕ್ಕೂ ಕೇಳುವುದಿಲ್ಲ, ಬಾರಿಸುವವರಿಗೂ ಕೇಳುವುದಿಲ್ಲ.

"ನಾನು ಏನು ಬಾರಿಸಿದೆ ಅಂತ ನನಗೇ ಗೊತ್ತಿಲ್ಲ ಮಾರಾಯ," ಎಂದು ಅವರು ಆ ದಿನ ನಗುತ್ತಲೇ ಹೇಳಿದ್ದರಂತೆ. "ಕೈಯನ್ನು ನಂಬುವುದು, ಅಷ್ಟೆ. ಸಾಯುವುದರೊಳಗೆ ಒಂದು ಸಲ ಕೇಳಬೇಕು ಅಂತ ಆಸೆ ಉಂಟು."

ಆ ಆಸೆಗಾಗಿ ನಾನು ಈ ಊರಿಗೆ ಬಂದೆ.

ನಾನು ಒಂದು ಹೆಡ್‌ಫೋನ್. ಬೆನ್ನು ಮುಚ್ಚಿದ ಬಗೆಯದು. ನಮ್ಮಲ್ಲಿ ಕೆಲವರ ಬೆನ್ನಿಗೆ ಜಾಲರಿ ಇರುತ್ತದೆ. ಒಳಗಿನ ಸ್ವರ ಹೊರಗೆ ಹೋಗುತ್ತದೆ, ಹೊರಗಿನ ಗದ್ದಲ ಒಳಗೆ ಬರುತ್ತದೆ. ಅವರ ನಾದ ಬಯಲಿನ ಹಾಗೆ ಅಗಲ ಎಂದು ತಿಳಿದವರು ಹೊಗಳುತ್ತಾರೆ. ಇರಬಹುದು. ಅವರನ್ನು ಒಮ್ಮೆ ಚೆಂಡೆಯ ಪಕ್ಕ ಕೂರಿಸಿ ನೋಡಿ, ಆಮೇಲೆ ಮಾತಾಡೋಣ.

ನಾನು ಹುಟ್ಟಿದ್ದು ದೂರದ ಚಳಿ ದೇಶದಲ್ಲಿ. ಆಕ್ರೋಟಿನ ಮರವನ್ನು ಕೊರೆದು ನನ್ನ ಎರಡು ಬಟ್ಟಲು ಮಾಡಿದರು. ಕುರಿಯ ಮೆದು ಚರ್ಮದಿಂದ ಎರಡು ಮೆತ್ತೆ ಹೊಲಿದರು. ಬಿಳಿ ಕೈಗವಸು ಹಾಕಿದ ಒಬ್ಬ ಹೆಂಗಸು ಸ್ವರ ಹೊರಡಿಸುವ ನೂರಾರು ತೆಳುಪೊರೆಗಳ ನಡುವೆ ಹುಡುಕಿ, ಒಂದೇ ತರಹ ಮಾತಾಡುವ ಎರಡನ್ನು ಆರಿಸಿ ನನ್ನೊಳಗೆ ಕೂರಿಸಿದಳು. ಕೊನೆಗೆ ತನ್ನ ತಲೆಯ ಮೇಲೆ ಇಟ್ಟುಕೊಂಡು ಕಣ್ಣು ಮುಚ್ಚಿದಳು. ನನಗೆ ಆಗ ಅರ್ಥವಾಯಿತು. ಸಿಹಿ ಮಾಡಿ ಬಡಿಸಲು ನನ್ನನ್ನು ಮಾಡಿದ್ದಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಲು ಮಾಡಿದ್ದು. ಅಂದಿನಿಂದ ಇಂದಿನವರೆಗೆ ಆ ಕೆಲಸದಲ್ಲಿ ನಾನು ಒಂದು ದಿನವೂ ತಪ್ಪಿಲ್ಲ. ಯಾರು ಏನೇ ಹೇಳಲಿ.

ಮೋನಪ್ಪನ ಬಾಮೈದ ದುಬೈಯಿಂದ ಊರಿಗೆ ಹೊರಟಾಗ ಏನು ತರಲಿ ಎಂದು ಕೇಳಿದನಂತೆ. ಮನೆಯವರೆಲ್ಲ ದೊಡ್ಡ ಟಿ.ವಿ. ಎಂದರು. ಮೋನಪ್ಪ ನನ್ನ ಹೆಸರು ಬರೆದು ಕಳಿಸಿದ. ಪೆಟ್ಟಿಗೆ ತೆರೆದು ಅವನು ನನ್ನನ್ನು ತಲೆಗೆ ಏರಿಸಿದ ಕೂಡಲೇ ಹೆಂಡತಿ ಬಾಗಿಲಲ್ಲಿ ನಿಂತು ನೋಡಿದಳು.

"ಮಂಡೆಗೆ ಎರಡು ಇಡ್ಲಿ ಪಾತ್ರೆ ಕಟ್ಟಿದ ಹಾಗೆ ಉಂಟು. ಇದಕ್ಕೆ ಟಿ.ವಿ. ಬಿಟ್ಟದ್ದಾ?"

"ನಿನಗೆ ಗೊತ್ತಾಗುವುದಿಲ್ಲ," ಎಂದ ಮೋನಪ್ಪ. ಅವನಿಗೆ ನನ್ನ ಮೇಲೆ ಪ್ರೀತಿ ಇತ್ತು. ನನ್ನ ಕಷ್ಟ ಶುರುವಾದದ್ದೇ ಆ ಪ್ರೀತಿಯಿಂದ.

ಈ ಊರಿನಲ್ಲಿ ಬೆಲೆ ಬಾಳುವ ವಸ್ತುವನ್ನು ಬರಿದೇ ಇಡುವ ಕ್ರಮವಿಲ್ಲ. ರಿಮೋಟಿಗೆ ಪ್ಲಾಸ್ಟಿಕ್, ಸೋಫಾಕ್ಕೆ ಬೆಡ್‌ಶೀಟ್, ಫ್ರಿಜ್ಜಿನ ಮಂಡೆಗೆ ಕಸೂತಿ ಬಟ್ಟೆ. ಮೋನಪ್ಪನಿಗೆ ನನ್ನ ಚರ್ಮದ ಮೆತ್ತೆಗೆ ಬೆವರು ತಾಗೀತೆಂಬ ಹೆದರಿಕೆ. ಕರಾವಳಿಯ ಬೆವರು ಸಾಮಾನ್ಯದ್ದಲ್ಲ, ಒಪ್ಪುತ್ತೇನೆ. ಅವನು ಹೆಗಲ ಮೇಲಿನ ಬೈರಾಸನ್ನು, ಅದೇ ಆ ತೆಳು ಟವಲನ್ನು, ಎರಡು ಕಿವಿ ಮುಚ್ಚುವ ಹಾಗೆ ತಲೆಗೆ ಸುತ್ತಿ, ಅದರ ಮೇಲೆ ನನ್ನನ್ನು ಕೂರಿಸಿದ. ಒಂದು ದಿನ ಅಲ್ಲ, ಪ್ರತಿ ಸಲ.

ನನ್ನಂಥವರ ಬಗ್ಗೆ ಒಂದು ಸಂಗತಿ ತಿಳಿದುಕೊಳ್ಳಬೇಕು. ನನ್ನ ಮೆತ್ತೆ ಕಿವಿಯ ಸುತ್ತ ಚರ್ಮಕ್ಕೆ ಚರ್ಮ ಒತ್ತಿ ಕೂರಬೇಕು. ನಡುವೆ ಒಂದು ನೂಲಿನಷ್ಟು ಸಂದು ಬಿಟ್ಟರೂ ಮೊದಲು ಸೋರಿ ಹೋಗುವುದು ತಗ್ಗಿನ ನಾದ. ಮೇಲಿನ ಸ್ವರ ಉಳಿಯುತ್ತದೆ, ಚೆಂಡೆ ಉಳಿಯುತ್ತದೆ, ತಾಳ ಉಳಿಯುತ್ತದೆ. ತಗ್ಗಿನ ನಾದ ಹೊರಡಿಸುವ ಮದ್ದಳೆಯ ಎಡಗೈ ಹೋಗುತ್ತದೆ.

ಮುಂದಿನ ವರ್ಷ ಅದೇ ಶಾಲೆಯಲ್ಲಿ ತಾಳಮದ್ದಳೆ. ಅದನ್ನು ಸಿ.ಡಿ. ಮಾಡುವುದೆಂದು ತಾಳಮದ್ದಳೆ ನಡೆಸುವ ಸಂಘದವರು ಗೊತ್ತು ಮಾಡಿದ್ದರು. ಆ ದಿನ ನಾನು ಮದ್ದಳೆಯನ್ನು ಮೊದಲ ಸಲ ಹತ್ತಿರದಿಂದ ಕಂಡೆ. ಮರದ ಹೊಟ್ಟೆ, ಎರಡು ಕಡೆ ಚರ್ಮ. ನನ್ನದೇ ಮೈಕಟ್ಟು. ಅದು ಹೊಡೆಸಿಕೊಂಡು ಮಾತಾಡುತ್ತದೆ, ನಾನು ಹೊಡೆಸಿಕೊಳ್ಳದೆ ಮಾತಾಡುತ್ತೇನೆ, ವ್ಯತ್ಯಾಸ ಅಷ್ಟೆ. ಮೋನಪ್ಪ ಕೆಲಸ ಬಲ್ಲವನು. ಭಾಗವತರಿಗೆ ಒಂದು ಮೈಕು, ಚೆಂಡೆಗೆ ಒಂದು, ಮದ್ದಳೆಯ ಎರಡು ಬದಿಗೆ ಎರಡು. ಒಂದೊಂದನ್ನೂ ಬೇರೆ ಬೇರೆಯಾಗಿಯೇ ರೆಕಾರ್ಡ್ ಮಾಡಿದ. ಮಣಿಯಾಣಿಯವರು ಆ ದಿನ ಬಾರಿಸಿದ್ದು ಹೇಗೆಂದರೆ, ಯುದ್ಧದ ಪದ ಬಂದಾಗ ಅವರ ಎಡಗೈ ಪೆಟ್ಟು ಪೆಟ್ಟಾಗಿ ನನ್ನ ಮರದೊಳಗೆ ಬಂದು ಕೂತಿತು. ನಾನು ಅದನ್ನು ಪೂರ್ತಿ ಹೇಳಿದೆ. ಬೈರಾಸು ಅರ್ಧವನ್ನು ತಿಂದಿತು.

ಮನೆಗೆ ಬಂದು ಎಲ್ಲವನ್ನೂ ಕೂಡಿಸಲು ಕೂತ ಮೋನಪ್ಪ ತಲೆ ಕೊಡವಿದ. ಮದ್ದಳೆ ಸಾಲದು ಎಂದು ಬಾಸ್‌ನ, ಅಂದರೆ ತಗ್ಗಿನ ನಾದದ, ನಾಬ್ ತಿರುಗಿಸಿದ. ಇನ್ನೂ ಸಾಲದು, ಇನ್ನೂ ತಿರುಗಿಸಿದ. ಹತ್ತು ದಿನ ಹೀಗೆ. ಸಾಕು ಎಂದು ನಾನು ಹೇಗೆ ಹೇಳಲಿ? ನನಗೆ ಬಾಯಿ ಎರಡಿದ್ದರೂ ಮಾತು ನನ್ನದಲ್ಲ.

ಸಿ.ಡಿ.ಯನ್ನು ಮಣಿಯಾಣಿಯವರ ಜಗಲಿಯಲ್ಲಿ ಹಾಕಿದರು. ಸಂಘದವರು ನಾಲ್ಕು ಜನ ಬಂದಿದ್ದರು. ನಾನು ಮೋನಪ್ಪನ ಚೀಲದಲ್ಲಿದ್ದೆ. ಪದ ಶುರುವಾದ ಕೂಡಲೇ ಅಕ್ಕಿಮುಡಿ ಅಟ್ಟದಿಂದ ಬಿದ್ದ ಹಾಗೆ ಗುಡು ಗುಡು. ಭಾಗವತರ ಸ್ವರ ಅದರಡಿ ಸಿಕ್ಕಿಕೊಂಡಿತು. ಯಾವ ಪೆಟ್ಟು ಎಲ್ಲಿ ಮುಗಿಯಿತು, ಯಾವುದು ಎಲ್ಲಿ ಶುರುವಾಯಿತು ಎಂದು ತಿಳಿಯಲಿಲ್ಲ. ಎಲ್ಲರೂ ಮಣಿಯಾಣಿಯವರ ಮುಖ ನೋಡಿದರು.

"ಇದು ಮದ್ದಳೆಯಾ?" ಎಂದು ಕೇಳಿದರು ಅವರು.

ಆಗ ಮೋನಪ್ಪ ಅನ್ನಬಾರದ ಮಾತನ್ನು ಅಂದ. "ಬೇಜಾರು ಮಾಡಬೇಡಿ ಐತಪ್ಪಣ್ಣ. ನಾನು ಎಷ್ಟು ಏರಿಸಿದ್ರೂ ಸ್ವರ ಬರುವುದಿಲ್ಲ, ಗುಂಯ್‌ಗುಡುವುದು ಮಾತ್ರ. ಹೆಡ್‌ಫೋನ್ ಸಾಮಾನ್ಯದ್ದಲ್ಲ, ಅದು ಸುಳ್ಳು ಹೇಳುವುದಿಲ್ಲ. ನಿಮ್ಮ ಎಡಗೈ ಸೋತಿದೆ."

ಮಣಿಯಾಣಿಯವರು ತಮ್ಮ ಎಡಗೈಯನ್ನು ಮಡಿಲಲ್ಲಿ ಮಗುಚಿ ನೋಡಿದರು.

"ಹೌದಾ," ಎಂದರು. "ಇರಬಹುದು. ನನಗೆ ಕೇಳಿದ್ದಿಲ್ಲವಲ್ಲ."

ಸಿ.ಡಿ. ಹೊರಗೆ ಬರಲಿಲ್ಲ. ಮುಂದಿನ ವರ್ಷ ಭಾಗವತರ ಪಕ್ಕದಲ್ಲಿ ಬೇರೆಯವರು ಕೂತರು. ಮಣಿಯಾಣಿಯವರ ಮದ್ದಳೆ ಚೀಲದೊಳಗೆ ಹೋಯಿತು. ಮೋನಪ್ಪ ಎದುರಿಗೆ ಸಿಕ್ಕರೆ ಅವರು ರಸ್ತೆಯ ಆಚೆ ಬದಿಗೆ ದಾಟುತ್ತಿದ್ದರು.

ನನ್ನ ಹೆಸರು ಹೇಳಿಯೇ ಅವರ ಕೈಯನ್ನು ಕೊಂದರು. ನಾನು ಸುಳ್ಳು ಹೇಳುವುದಿಲ್ಲ ಎಂಬುದು ನಿಜ. ಆದರೆ ನನ್ನ ಬಾಯಿಗೆ ಬಟ್ಟೆ ತುರುಕಿ, ಬಂದಷ್ಟನ್ನೇ ಕೇಳಿ, ಇದೇ ಸತ್ಯ ಎಂದರೆ ಆ ಲೆಕ್ಕ ನನ್ನದಲ್ಲ. ಇದನ್ನು ನಾನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ.

ಮೋನಪ್ಪನಿಗೆ ನನ್ನನ್ನು ನೋಡುವುದು ಬೇಡವಾಯಿತು. ಅವನ ಮಗಳು ಜಲಜಾಕ್ಷಿ ಪೇಟೆಯ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಚೀಟಿ ಬರೆಯುವ ಕೆಲಸಕ್ಕಿದ್ದಳು. ಡಾಕ್ಟರ್ ನೊರೊನ್ಹ ಅವರಿಗೆ ಸಂಗೀತ ಕೇಳುವ ಹುಚ್ಚು. ನಾನು ಅವರ ಮೇಜಿಗೆ ಹೋದೆ.

ಡಾಕ್ಟರು ನನ್ನನ್ನು ತುಂಬ ಶ್ರದ್ಧೆಯಿಂದ ಕೇಳಿದರು. ರೋಗಿಗಳಿಲ್ಲದ ಹೊತ್ತಿನಲ್ಲಿ ನನ್ನನ್ನು ಹಾಕಿಕೊಂಡು ಪುಸ್ತಕದಲ್ಲಿ ಏನೇನೋ ಗುರುತು ಮಾಡುತ್ತಿದ್ದರು. ಆಮೇಲೆ ಇಂಟರ್‌ನೆಟ್ಟಿನಲ್ಲಿ ತಮ್ಮಂಥ ಹುಚ್ಚಿನವರಿಗಾಗಿ ಬರೆದರು. ಬರೆದದ್ದನ್ನು ಜಲಜಾಕ್ಷಿಗೂ ಓದಿ ಹೇಳಿದರು. "ಮೇಲಿನ ಸ್ವರ ತೊಳೆದಿಟ್ಟ ಗಾಜು. ನಡುವಿನ ಸ್ವರದಲ್ಲಿ ಹಾಡುವವರು ಎದುರಿಗೇ ಕೂತಿದ್ದಾರೆ. ಆದರೆ ತಗ್ಗಿನಲ್ಲಿ ಒಣ. ಬೆಲ್ಲ ಹಾಕಲು ಮರೆತ ಪಾಯಸ. ಇದರಲ್ಲಿ ಬಾಸ್ ಇಲ್ಲ."

ಬಾಸ್ ಇಲ್ಲವಂತೆ. ಆ ಪುಣ್ಯಾತ್ಮರ ಕನ್ನಡಕದ ಕಡ್ಡಿ ತೆಂಗಿನ ಗರಿಯ ದಂಟಿನಷ್ಟು ದಪ್ಪ. ಎರಡು ಬದಿಯಲ್ಲೂ ಅದು ನನ್ನ ಮೆತ್ತೆಯನ್ನು ಎತ್ತಿ ಹಿಡಿದಿತ್ತು. ಒಬ್ಬರು ಬಟ್ಟೆ ಕಟ್ಟಿ ಕೇಳಿದರು, ಇನ್ನೊಬ್ಬರು ಕಿಟಕಿ ತೆರೆದಿಟ್ಟು ಕೇಳಿದರು. ಇಬ್ಬರೂ ದೂರಿದ್ದು ನನ್ನನ್ನು.

ವರ್ಷಗಳು ಹೋದವು. ಡಾಕ್ಟರಿಗೆ ಹೊಸತು ಬಂತು, ನಾನು ಹಲ್ಲಿನ ಅಚ್ಚುಗಳಿದ್ದ ಕಪಾಟಿನಲ್ಲಿ ಮಲಗಿದೆ. ಒಂದು ದಿನ ಕಪಾಟು ಖಾಲಿ ಮಾಡುವಾಗ ಅವರು ನನ್ನನ್ನು ಜಲಜಾಕ್ಷಿಯ ಕೈಗೆ ಕೊಟ್ಟರು. "ನಿಮ್ಮ ಅಪ್ಪನದ್ದೇ ಅಲ್ವಾ. ಕೊಂಡುಹೋಗಿ."

ಆ ಹೊತ್ತಿಗೆ ಜಲಜಾಕ್ಷಿಗೆ ಎರಡು ಮಕ್ಕಳು. ಅವಳ ತಾಯಿ ತೀರಿಹೋಗಿದ್ದಳು. ಗಂಡ ಬಸ್ಸಿನ ಕಂಡಕ್ಟರ್, ಎರಡು ದಿನಕ್ಕೊಮ್ಮೆ ಮನೆಗೆ. ಬೆಳಿಗ್ಗೆ ಕ್ಲಿನಿಕ್, ಸಂಜೆ ಅಡುಗೆ, ನಡುವೆ ಮಕ್ಕಳ ಜಗಳ, ಅಪ್ಪನ ಟಿ.ವಿ., ಪಕ್ಕದ ಮನೆಯ ಮಿಕ್ಸಿ. ಅವಳು ನನಗೆ ಕಂಡುಹಿಡಿದ ಉಪಯೋಗವನ್ನು ಕಾರ್ಖಾನೆಯವರು ಯೋಚಿಸಿರಲಿಕ್ಕಿಲ್ಲ. ಜುಮುಕಿ ಬಿಚ್ಚಿಟ್ಟು, ಕೂದಲನ್ನು ಮೇಲೆ ಕಟ್ಟಿ, ನನ್ನನ್ನು ಬರಿ ಕಿವಿಗೆ ಒತ್ತಿ ಇಟ್ಟುಕೊಳ್ಳುವಳು. ವಯರು ಯಾವುದಕ್ಕೂ ಚುಚ್ಚಿರುತ್ತಿರಲಿಲ್ಲ. ಹತ್ತು ನಿಮಿಷ ಸುಮ್ಮನೆ ಕೂರುವಳು.

"ಅಮ್ಮ, ಎಂತ ಪದ್ಯ ಕೇಳ್ತಾ ಇದ್ದೀರಿ?" ಎಂದು ಚಿಕ್ಕವಳು ಎಳೆದು ಕೇಳಿದರೆ, "ನೀವು ಯಾರೂ ಇಲ್ಲದ ಪದ್ಯ," ಎನ್ನುವಳು.

ನನಗೆ ಬೇಸರವಾಗಲಿಲ್ಲ. ಆ ಮನೆಯಲ್ಲಿ ನಾನು ಕೊಟ್ಟ ಮೌನವೂ ಅಸಲಿ ಮಾಲೇ.

ಕಳೆದ ತಿಂಗಳು ಒಂದು ಭಾನುವಾರ, ಅವಳಿಗೇ ಏನು ತೋಚಿತೋ, ವಯರನ್ನು ಅಪ್ಪನ ಹಳೆಯ ಕಂಪ್ಯೂಟರಿಗೆ ಚುಚ್ಚಿದಳು. ಹಳೆಯ ರೆಕಾರ್ಡಿಂಗುಗಳ ಪಟ್ಟಿಯಲ್ಲಿ ಆ ಶಾಲೆಯ ಹೆಸರು ಕಂಡಿತು. ಮದ್ದಳೆಯದ್ದು ಎಂದು ಬರೆದದ್ದನ್ನು ಒತ್ತಿದಳು. ಹದಿನಾರು ವರ್ಷದ ಮೇಲೆ ಮಣಿಯಾಣಿಯವರ ಎಡಗೈ ಮತ್ತೆ ನನ್ನ ಮರದೊಳಗೆ ಬಂತು. ಈ ಸಲ ನಡುವೆ ಬಟ್ಟೆಯಿಲ್ಲ, ಕಡ್ಡಿಯಿಲ್ಲ. ಅವಳ ಬೆನ್ನು ನೆಟ್ಟಗಾಯಿತು. ಎಲ್ಲ ಮೈಕುಗಳನ್ನೂ ಕೂಡಿಸಿ ಕೇಳಿದಳು. ಚೆಂಡೆ ಅದರ ಜಾಗದಲ್ಲಿ, ಮದ್ದಳೆ ಅದರ ಜಾಗದಲ್ಲಿ. ಅವಳ ಕಣ್ಣು ಕುರ್ಚಿಯ ಬೆನ್ನಿಗೆ ಹಾಕಿದ್ದ ಅಪ್ಪನ ಬೈರಾಸಿನ ಮೇಲೆ ಬಿತ್ತು. ಅದನ್ನು ಕಿವಿಗೆ ಸುತ್ತಿ ನನ್ನನ್ನು ಮೇಲೆ ಇಟ್ಟಳು. ಎಡಗೈ ಮಾಯ. ತೆಗೆದಳು. ಬಂತು.

"ಅಪ್ಪ, ಇಲ್ಲಿ ಬನ್ನಿ. ಇದನ್ನು ಹಾಕಿ."

"ನಿಲ್ಲು, ಬೈರಾಸು ಎಲ್ಲಿ?"

"ಬೈರಾಸು ಬೇಡ."

"ಬೆವರು ತಾಗಿದ್ರೆ ಚರ್ಮ ಹಾಳಾಗ್ತದೆ ಮಾರಾಯ್ತಿ."

"ಹಾಳಾಗಲಿ. ಬರೀ ಕಿವಿಗೆ ಹಾಕಿ."

ಪೆಟ್ಟಿಗೆ ತೆರೆದ ದಿನ ಬಿಟ್ಟರೆ ಮೋನಪ್ಪನ ಬೋಳು ತಲೆಯ ಬಿಸಿ ಇದೇ ಮೊದಲು ನನಗೆ ತಾಗಿತು. ಅವನು ಕೇಳಿದ. ಬೈರಾಸು ಸುತ್ತಿ ಕೇಳಿದ. ತೆಗೆದು ಕೇಳಿದ. ಮೂರು ಸಲ ಹಾಗೆ ಮಾಡಿದ.

"ನೀನು ಏನಾದ್ರೂ ಏರಿಸಿದ್ದೀಯಾ?"

"ಏನೂ ಮುಟ್ಟಲಿಲ್ಲ. ನೀವು ತಿರುಗಿಸುವ ಮೊದಲು ಇದ್ದದ್ದು."

ಅವನು ನನ್ನನ್ನು ಮೇಜಿನ ಮೇಲಿಟ್ಟು ಬಹಳ ಹೊತ್ತು ನೋಡಿದ. ನಾನೂ ನೋಡಿದೆ. ನಾನು ಕಣ್ಣು ತಗ್ಗಿಸಲಿಲ್ಲ.

"ಫೋನ್ ಮಾಡಿ ಹೇಳಿ," ಎಂದಳು ಜಲಜಾಕ್ಷಿ.

"ಫೋನಿನಲ್ಲಿ ಹೇಳುವ ವಿಷಯವಾ ಇದು? ಅಂಗಿ ಕೊಡು."

ಮಣಿಯಾಣಿಯವರಿಗೆ ಈಗ ಎಪ್ಪತ್ತೇಳು. ಜಗಲಿಯಲ್ಲಿ ಕೂತು ಅಡಿಕೆ ಜಗಿಯುತ್ತಿದ್ದರು. ಮೋನಪ್ಪನನ್ನು ಕಂಡು ಬಾಯಿ ನಿಲ್ಲಿಸಿದರು.

"ಎಂತ ಮೋನಪ್ಪ, ದಾರಿ ತಪ್ಪಿತಾ?"

"ನಿಮ್ಮ ಕೈ ಸೋತಿರಲಿಲ್ಲ ಐತಪ್ಪಣ್ಣ," ಎಂದ ಮೋನಪ್ಪ, ನಿಂತಲ್ಲಿಂದಲೇ. "ನಾನು ಕಿವಿಗೆ ಬಟ್ಟೆ ಕಟ್ಟಿ ಕೂತಿದ್ದೆ."

ಅವರಿಗೆ ಕೇಳಲಿಲ್ಲ. ಚೆಂಡೆ ಅವರ ಕಿವಿಯನ್ನು ಅಷ್ಟು ತಿಂದಿತ್ತು. ಮೋನಪ್ಪ ಅದನ್ನೇ ಇನ್ನೂ ಎರಡು ಸಲ, ಪಕ್ಕದ ಮನೆಯವರು ಇಣುಕುವಷ್ಟು ಜೋರಾಗಿ ಹೇಳಬೇಕಾಯಿತು. ನನಗೆ ಅದು ಇಷ್ಟವಾಯಿತು.

ಜೊತೆಗೆ ಬಂದಿದ್ದ ಜಲಜಾಕ್ಷಿ ನನ್ನನ್ನು ಅವರ ತಲೆಗೆ ಏರಿಸಿದಳು. ನನ್ನ ಮೆತ್ತೆ ಈಗ ಗಟ್ಟಿಯಾಗಿ ಅಂಚಿನಲ್ಲಿ ಬಿರಿದಿದೆ. ಅವಳು ಎರಡೂ ಅಂಗೈಯಿಂದ ನನ್ನನ್ನು ಒತ್ತಿ ಹಿಡಿದುಕೊಂಡಳು. ಮೋನಪ್ಪ ಫೋನಿಗೆ ತುಂಬಿಸಿ ತಂದಿದ್ದ ಯುದ್ಧದ ಪದ ಹಾಕಿದ. ಮಣಿಯಾಣಿಯವರ ಎಡಗೈ ಮೊಣಕಾಲಿನ ಮೇಲೆ ತಾನಾಗಿ ಎದ್ದಿತು.

"ಚೆಂಡೆ ಎಲ್ಲಿ? ಇಲ್ಲವಾ?"

"ಉಂಟು ಮಾಮ. ಮೇಲಿನ ಸ್ವರ ಈಗ ನಿಮ್ಮ ಕಿವಿಗೆ ಬರುವುದಿಲ್ಲ, ಅಷ್ಟೆ," ಎಂದು ಜಲಜಾಕ್ಷಿ ಕೂಗಿದಳು.

"ಒಳ್ಳೆದಾಯ್ತು," ಎಂದರು ಅವರು. ಪದ ಮುಗಿಯಿತು. "ಪುನಃ ಹಾಕು." ಪುನಃ ಹಾಕಿದರು. ನಡುವಿನಲ್ಲಿ ಅವರು ಕೈ ಎತ್ತಿದರು. "ಇಲ್ಲಿ. ಇಲ್ಲಿ ಒಂದು ಪೆಟ್ಟು ಬಿಟ್ಟಿದ್ದೇನೆ."

ಮೋನಪ್ಪ ಬಗ್ಗಿದ. "ಬೇರೆ ಕಡೆಯಿಂದ ಒಂದು ಪೆಟ್ಟು ತಂದು ಕೂರಿಸ್ತೇನೆ. ಯಾರಿಗೂ ಗೊತ್ತಾಗುವುದಿಲ್ಲ."

"ಮುಟ್ಟಿದರೆ ಜಾಗ್ರತೆ. ಬಿಟ್ಟವನು ನಾನು. ಅದು ಹಾಗೇ ಇರಲಿ."

ನನ್ನ ಆಯುಷ್ಯದಲ್ಲಿ ನನ್ನ ಭಾಷೆ ಮಾತಾಡಿದ ಒಬ್ಬರೇ ಮನುಷ್ಯ ಅವರು.

ಈಗ ನಾನು ಜಲಜಾಕ್ಷಿಯ ಅಡುಗೆಮನೆಯ ಗೋಡೆಯಲ್ಲಿ, ಕ್ಯಾಲೆಂಡರಿನ ಮೊಳೆಗೆ ನೇತಾಡುತ್ತಿದ್ದೇನೆ. ವಯರಿಗೆ ಎರಡು ಕಡೆ ಕಪ್ಪು ಟೇಪು. ಚರ್ಮ ದಿನಾ ಸ್ವಲ್ಪ ಉದುರುತ್ತದೆ, ಅವಳು ಗುಡಿಸುತ್ತಾಳೆ. ಬೆವರು ನನ್ನನ್ನು ಕೊನೆಗೂ ಹಾಳು ಮಾಡಿತು, ಮೋನಪ್ಪ ಹೆದರಿದ್ದು ಸುಳ್ಳಲ್ಲ. ಹಾಳಾಗಲಿ. ಕಟ್ಟಿಟ್ಟು ಉಳಿಸಿದ ಚರ್ಮದಿಂದ ನಾನು ಮಾಡುವುದು ಏನಿತ್ತು? ಡಾಕ್ಟರು ಬರೆದದ್ದು ಇಂಟರ್‌ನೆಟ್ಟಿನಲ್ಲಿ ಈಗಲೂ ಇದೆಯಂತೆ, ಬಾಸ್ ಇಲ್ಲ ಎಂದು. ಇರಲಿ. ನಾನು ತಿದ್ದಲು ಹೋಗುವುದಿಲ್ಲ. ಬೇಕಾದವರು ಕನ್ನಡಕ ಬಿಚ್ಚಿಟ್ಟು ಬರಲಿ.

ಮೋನಪ್ಪ ಕೊಟ್ಟ ಮಾತು ನಡೆಯಿತು. ಹದಿನೇಳು ವರ್ಷ ಹಿಡಿಯಿತು.